ಹಿಟಾಚಿಯ ರೇಡಿಯೋ ಮತ್ತು ಮನೆಯ ಫೋನ್

ಮದುವೆಗೆಂದು ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ, "ಕೊಲ್ಲಾಪುರದಲ್ಲಿ ಈಗ ಏನು ಕೆಲಸ?" ಹಿಟಾಚಿ, ಜೆಸಿಬಿಗಳಿಗೆ ರೇಡಿಯೋ ಕೂರಿಸುವುದು, ಕೆಟ್ಟರೆ ಸರಿ ಮಾಡುವುದು ಎಂದರೆ ನಗುತ್ತಾರೆ. "ಮಣ್ಣು ಅಗೆಯುವ ಗಾಡಿಗೆ ಹಾಡು ಯಾಕೆ ಕಾಕ?" ಎಂದು ಕಳೆದ ಸಲ ಕೇಳಿದವರು ಸ್ವತಃ ಎರಡು ಹಿಟಾಚಿ ಇಟ್ಟುಕೊಂಡವರು. ಊಟದ ಗಡಿಬಿಡಿಯಲ್ಲಿ ಅವರಿಗೆ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಇಲ್ಲಿ ಕೊಡುತ್ತಿದ್ದೇನೆ.

ನಮ್ಮವರಲ್ಲಿ ಮೆಷಿನ್ ಇಟ್ಟವರೂ ಇದ್ದಾರೆ, ಮೆಷಿನ್ ಓಡಿಸುವ ಮಕ್ಕಳನ್ನು ಊರಲ್ಲೋ ಗಲ್ಫಿನಲ್ಲೋ ಬಿಟ್ಟವರೂ ಇದ್ದಾರೆ. ಇಬ್ಬರಿಗೂ ನಾನು ಹೇಳುವುದು ಒಂದೇ. ಕ್ಯಾಬಿನ್ನಿನಲ್ಲಿ ಸರಿಯಾಗಿ ಕೂರಿಸಿದ ರೇಡಿಯೋ ಇರಲಿ, ಆಪರೇಟರ್ ಕಿವಿಯಿಂದ ಇಯರ್‌ಫೋನ್ ಹೊರಗೆ ಬರಲಿ.

ಕೊಲ್ಲಾಪುರದ ಉದ್ಯಮನಗರದಲ್ಲಿ ಹಿಟ್ಟಿನ ಗಿರಣಿಯಿಂದ ಹಿಡಿದು ಎಂಜಿನ್ನಿನ ಬಿಡಿಭಾಗದವರೆಗೆ ಎಲ್ಲದಕ್ಕೂ ಕೈ ಹಾಕುವವರಿದ್ದಾರೆ. ನಾನು ಹಿಡಿದದ್ದು ರೇಡಿಯೋ ಕೆಲಸ. ಕಾಗಲ್ ಕಡೆಯ ಹೆದ್ದಾರಿ ಕೆಲಸ, ಇಚಲಕರಂಜಿಯ ಕಟ್ಟಡದ ಪಾಯ, ಗಡಹಿಂಗ್ಲಜ ದಾಟಿ ಆಜರಾ ಕಡೆಯ ಕಲ್ಲಿನ ಕ್ವಾರಿ, ಎಲ್ಲಿ ಕರೆದರೂ ಟೂಲ್ ಬ್ಯಾಗ್ ಹಿಡಿದು ಹೋಗುತ್ತೇನೆ. ಸೆಕೆಂಡ್ ಹ್ಯಾಂಡ್ ಮೆಷಿನ್ ಕೊಂಡವರ ಕ್ಯಾಬಿನ್ನಿನಲ್ಲಿ ಸೆಟ್ ಇರುವ ಜಾಗ ಖಾಲಿ ಇರುತ್ತದೆ. ಒಳಗೆ ಕೈ ಹಾಕಿದರೆ ಕತ್ತರಿಸಿದ ವೈರ್ ಮತ್ತು ಎರಡು ಮುಷ್ಟಿ ಧೂಳು ಸಿಗುತ್ತದೆ.

ಆಪರೇಟರ್ ಆ ಡಬ್ಬಿಯೊಳಗೆ ದಿನಕ್ಕೆ ಹತ್ತು ಹನ್ನೆರಡು ಗಂಟೆ ಒಬ್ಬನೇ ಕೂರುತ್ತಾನೆ. ಲಾರಿ ಡ್ರೈವರಿಗೆ ಕ್ಲೀನರ್ ಇದ್ದಾನೆ, ದಾರಿಯಲ್ಲಿ ಹೋಟೆಲ್ ಇದೆ, ಬದಲಾಗುವ ಊರುಗಳಿವೆ. ಹಿಟಾಚಿಯವನಿಗೆ ಅದೇ ಗುಂಡಿ, ಅದೇ ಮಣ್ಣು. ಸೆಟ್ ಇಲ್ಲದಿದ್ದರೆ ಅವನು ಮೊಬೈಲ್ ತೆಗೆದು ಕಿವಿಗೆ ಇಯರ್‌ಫೋನ್ ಸಿಕ್ಕಿಸುತ್ತಾನೆ. ಎಂಜಿನ್ನಿನ ಸದ್ದಿನ ಮೇಲೆ ಹಾಡು ಕೇಳಿಸಬೇಕೆಂದು ವಾಲ್ಯೂಮ್ ಪೂರ್ತಿ ಏರಿಸುತ್ತಾನೆ. ದಿನಕ್ಕೆ 8 ಗಂಟೆ 85 ಡೆಸಿಬೆಲ್‌ಗಿಂತ ಹೆಚ್ಚು ಸದ್ದು ಕೇಳಿದರೆ ಕಿವಿ ಮಂದವಾಗುತ್ತಾ ಬರುತ್ತದೆ ಎಂದು ತಿಳಿದವರು ಹೇಳುತ್ತಾರೆ. ಇಚಲಕರಂಜಿಯ ಪವರ್‌ಲೂಮ್‌ಗಳಲ್ಲಿ ದುಡಿದ ಹಿರಿಯರು ಚಹಾದ ಅಂಗಡಿಯಲ್ಲೂ ಕೂಗಿಯೇ ಮಾತಾಡುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಇಚಲಕರಂಜಿಯಲ್ಲಿ ಒಂದು ಮಧ್ಯಾಹ್ನ ನಾನು ಇನ್ನೊಂದು ಮೆಷಿನ್ನಿನ ಕೆಲಸಕ್ಕೆ ಹೋಗಿದ್ದೆ. ಪಕ್ಕದ ಹಿಟಾಚಿಯಲ್ಲಿ ಬಂಟ್ವಾಳ ಕಡೆಯ ನಮ್ಮ ಹುಡುಗ. ಹೆಲ್ಪರ್ ಅಳತೆ ಟೇಪು ಹಿಡಿದು ಮೆಷಿನ್ನಿನ ಹಿಂದೆ ಬಗ್ಗಿದ್ದ. ಹಿಟಾಚಿ ತಿರುಗುವಾಗ ಅದರ ಹಿಂಭಾಗದ ತೂಕವೂ ತಿರುಗುತ್ತದೆ. ನಡುವೆ ಸಿಕ್ಕವನಿಗೆ ಒಂದು ಕಡೆ ಗೋಡೆ, ಇನ್ನೊಂದು ಕಡೆ ಟನ್‌ಗಟ್ಟಲೆ ಕಬ್ಬಿಣ. ನಾವು ಮೂವರು ಕೂಗಿದೆವು. ಹುಡುಗನಿಗೆ ಕೇಳಿಸಲಿಲ್ಲ. ಒಬ್ಬ ಕಲ್ಲೆತ್ತಿ ಕ್ಯಾಬಿನ್ನಿನ ಗಾಜಿಗೆ ಎಸೆದ ಮೇಲೆ ಮೆಷಿನ್ ನಿಂತಿತು. ಹೆಲ್ಪರ್‌ನ ಅಂಗಿ ಹರಿದಿತ್ತು, ಜೀವ ಉಳಿದಿತ್ತು.

ಎಲ್ಲರೂ ಸೇರಿ ಹುಡುಗನಿಗೆ ಬೈದರು. ಹಾಡು ಕೇಳುತ್ತಿದ್ದ ಎಂದೇ ನಾನೂ ತಿಳಿದಿದ್ದೆ. ಸಂಜೆ ಚಹಾ ಕುಡಿಯುವಾಗ ಅವನು ನನ್ನ ಬಳಿ ಮೆಲ್ಲಗೆ ಹೇಳಿದ: "ಉಮ್ಮನ ಫೋನ್ ಕಾಕ. ತೆಗೆಯದಿದ್ದರೆ ಏನಾಯಿತೋ ಎಂದು ಹೆದರಿ ಹತ್ತು ಸಲ ಮಾಡುತ್ತಾರೆ. ಅದಕ್ಕೇ ಇಯರ್‌ಫೋನ್ ತೆಗೆಯುವುದೇ ಇಲ್ಲ."

ಆಮೇಲೆ ನಾನು ಬೇರೆ ಆಪರೇಟರ್‌ಗಳನ್ನೂ ವಿಚಾರಿಸಿದೆ. ಬಿಹಾರದವನಿಗೆ ಹೆಂಡತಿ, ಹುಕ್ಕೇರಿಯವನಿಗೆ ಅಣ್ಣ, ನಮ್ಮ ಹುಡುಗರಿಗೆ ಉಮ್ಮ. ಇಯರ್‌ಫೋನ್ ಹಾಡಿಗಿಂತ ಹೆಚ್ಚಾಗಿ ಮನೆಯ ಫೋನಿಗಾಗಿಯೇ ಕಿವಿಯಲ್ಲಿ ಇರುತ್ತದೆ.

ಈಗ ಮಾಲಕರ ಮಾತು. ರೇಡಿಯೋ ಹಾಕಿಸಿ ಎಂದರೆ ಮೊದಲು ಬರುವ ಉತ್ತರ, "ಬ್ಯಾಟರಿ ಇಳಿಯುತ್ತದೆ." ಬ್ಯಾಟರಿ ಇಳಿಯುವುದು ನಿಜ, ಕೆಲಸ ಕೆಟ್ಟದಾಗಿ ಮಾಡಿದರೆ. ಹಾಗೆ ಕೆಟ್ಟದಾಗಿ ಮಾಡಿದವರಲ್ಲಿ ನಾನೂ ಒಬ್ಬ.

ಜೆಸಿಬಿ 12 ವೋಲ್ಟಿನ ಗಾಡಿ, ಕಾರಿನ ಸೆಟ್ ನೇರ ಕೂರುತ್ತದೆ. ದೊಡ್ಡ ಹಿಟಾಚಿ 24 ವೋಲ್ಟಿನದು, 12ರ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಅದಕ್ಕೆ ಕಾರಿನ ಸೆಟ್ ಹಾಕಲು ನಡುವೆ 24ನ್ನು 12 ಮಾಡುವ ಕನ್ವರ್ಟರ್ ಬೇಕು. ಕೆಲಸ ಕಲಿತ ಹೊಸತರಲ್ಲಿ ಗಡಹಿಂಗ್ಲಜ ಹತ್ತಿರದ ಒಂದು ಮೆಷಿನ್ನಿಗೆ ನಾನು ಕನ್ವರ್ಟರಿನ ದುಡ್ಡು ಉಳಿಸಿ, ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದುಕೊಟ್ಟೆ. ಹಾಡು ಚೆನ್ನಾಗಿಯೇ ಬಂತು. ಆದರೆ ಹೀಗೆ ಮಾಡಿದರೆ ಒಂದು ಬ್ಯಾಟರಿ ಮಾತ್ರ ಖರ್ಚಾಗುತ್ತದೆ, ಆಲ್ಟರ್ನೇಟರ್ ಎರಡಕ್ಕೂ ಸಮನಾಗಿ ಚಾರ್ಜ್ ಕೊಡುತ್ತದೆ. ಖರ್ಚಾದದ್ದು ಎಂದೂ ತುಂಬುವುದಿಲ್ಲ, ತುಂಬಿದ್ದು ಹೆಚ್ಚಾಗಿ ಕುದಿದು ನೀರು ಆರುತ್ತದೆ. ಕೊನೆಗೆ ಎರಡೂ ಹೋಗುತ್ತವೆ.

ಮೂರು ತಿಂಗಳಲ್ಲಿ ಆ ಮೆಷಿನ್ ಸ್ಟಾರ್ಟ್ ಆಗದೆ ನಿಂತಿತು. ಮಾಲಕ ನನಗೆ ಫೋನ್ ಮಾಡಿ, "ಆಪರೇಟರ್ ರಾತ್ರಿಯೆಲ್ಲ ಹಾಡು ಕೇಳಿ ಬ್ಯಾಟರಿ ಸಾಯಿಸಿರಬೇಕು, ಅಲ್ಲವಾ?" ಎಂದು ಕೇಳಿದರು. ನಾನು "ಇರಬಹುದು" ಎಂದೆ. ಬ್ಯಾಟರಿಯ ದುಡ್ಡನ್ನು ಅವನ ಸಂಬಳದಲ್ಲಿ ಹಿಡಿದರು, ಅವನು ಕೆಲಸ ಬಿಟ್ಟು ಹೋದ. ತಪ್ಪು ನನ್ನದು ಎಂದು ಒಬ್ಬ ಹಿರಿಯ ಎಲೆಕ್ಟ್ರಿಷಿಯನ್ ಬಿಡಿಸಿ ಹೇಳುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ಆ ಹುಡುಗ ಎಲ್ಲಿದ್ದಾನೆಂದು ಹೇಳುವವರು ಇರಲಿಲ್ಲ. "ಇರಬಹುದು" ಎಂಬ ಆ ಒಂದು ಮಾತನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಆದ್ದರಿಂದ ಮಾಲಕರೇ, ಬ್ಯಾಟರಿ ಹೋದರೆ ಆಪರೇಟರ್ ಮೇಲೆ ಹಾಕುವ ಮೊದಲು ವೈರಿಂಗ್ ನೋಡಿ. ಕೆಲಸ ಮಾಡಿಸುವಾಗ ಪಕ್ಕದಲ್ಲಿ ನಿಂತು ನಾಲ್ಕು ವಿಷಯ ಕೇಳಿ. ಕನ್ವರ್ಟರ್ ಹಾಕಿದ್ದಾರೋ? ಕೀ ತೆಗೆದರೆ ಸೆಟ್ ಬಂದ್ ಆಗುತ್ತದೋ? ಕರೆಂಟ್ ತೆಗೆದ ಜಾಗದ ಹತ್ತಿರವೇ ಫ್ಯೂಸ್ ಇದೆಯೋ? ವೈರ್ ಹೈಡ್ರಾಲಿಕ್ ಹೋಸಿಗೆ ತಾಗದ ಹಾಗೆ ಪೈಪಿನೊಳಗೆ ಹೋಗಿದೆಯೋ? ಮೆಷಿನ್ ಇಡೀ ದಿನ ನಡುಗುತ್ತದೆ. ಉಜ್ಜಿ ಉಜ್ಜಿ ವೈರಿನ ಮೇಲಿನ ಪ್ಲಾಸ್ಟಿಕ್ ಹೋದರೆ, ಪಕ್ಕದಲ್ಲಿ ಎಣ್ಣೆಯೂ ಇದ್ದರೆ, ಬೆಂಕಿಗೆ ಬೇರೆ ಕಾರಣ ಬೇಡ. ಇನ್ನೊಂದು ಮಾತು. ಸ್ಪೀಕರಿಗೋ ಆಂಟೆನಾಕ್ಕೋ ಜಾಗ ಮಾಡಲು ಕ್ಯಾಬಿನ್ನಿನ ಕಂಬಗಳಿಗೆ ಡ್ರಿಲ್ ಹಾಕಲು ಬಿಡಬೇಡಿ. ಮೆಷಿನ್ ಉರುಳಿದಾಗ ಒಳಗಿನವನನ್ನು ಉಳಿಸಲೆಂದೇ ಆ ಕಂಬಗಳಿರುವುದು. ತೂತು ಹಾಕಿದರೆ ಅವುಗಳ ಬಲ ಕುಗ್ಗುತ್ತದೆ.

ಎರಡನೆಯ ಉತ್ತರ, "ದುಡ್ಡು ದಂಡ." ಸಾಧಾರಣ ಸೆಟ್, ಎರಡು ಸ್ಪೀಕರ್, ಕನ್ವರ್ಟರ್, ಕೂಲಿ ಎಲ್ಲ ಸೇರಿದರೂ ಇಪ್ಪತ್ತು ಟನ್ನಿನ ಹಿಟಾಚಿ ಒಂದು ದಿನ ಕುಡಿಯುವ ಡೀಸೆಲ್ಲಿನಷ್ಟು ಆಗುವುದಿಲ್ಲ.

ಮೂರನೆಯದು, "ರೇಡಿಯೋ ಹಾಕಿದರೂ ಸದ್ದು ಸದ್ದೇ ಅಲ್ಲವೇ?" ಹೌದು, ಅದಕ್ಕೆ ಅಳತೆ ಇಟ್ಟುಕೊಳ್ಳಬೇಕು. ಸೆಟ್ ಕೂರಿಸಿದ ಮೇಲೆ ಎಂಜಿನ್ನನ್ನು ಕೆಲಸದ ವೇಗಕ್ಕೆ ಏರಿಸಿ, ಹಿಂದಿನಿಂದ ಒಬ್ಬನನ್ನು ಕೂಗಲು ಹೇಳುತ್ತೇನೆ. ಅವನ ಕೂಗು ಆಪರೇಟರಿಗೆ ಕೇಳಿಸುವಷ್ಟರವರೆಗೆ ಮಾತ್ರ ವಾಲ್ಯೂಮ್. ಅಲ್ಲಿಗೆ ಸೆಟ್ಟಿನ ಮೇಲೆ ಬಿಳಿ ಪೇಂಟಿನಲ್ಲಿ ನಂಬರ್ ಬರೆಯುತ್ತೇನೆ. ಸ್ಪೀಕರಿನ ಹಾಡಿನ ನಡುವೆ ಹೊರಗಿನ ಕೂಗು ನುಸುಳುತ್ತದೆ, ಇಯರ್‌ಫೋನ್ ಅದಕ್ಕೆ ಬಾಗಿಲು ಮುಚ್ಚುತ್ತದೆ.

ಗಡಹಿಂಗ್ಲಜದಲ್ಲಿ ಒಬ್ಬ ಹಿರಿಯ ಆಪರೇಟರ್ ಹೊಸ ಎಫ್‌ಎಂ ಸೆಟ್ ಬೇಡವೆಂದು ಹಟ ಹಿಡಿದಿದ್ದರು. ಕೊಲ್ಲಾಪುರದ 102.7ರಲ್ಲಿ ಮರಾಠಿ ಬರುತ್ತದೆ, ಅವರಿಗೆ ಬೇಕಾದದ್ದು ಧಾರವಾಡ. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ 765 ಕಿಲೋಹರ್ಟ್ಸ್‌ನಲ್ಲಿ ಎಎಂ ಬ್ಯಾಂಡಿನಲ್ಲಿ ಸಿಗುವುದು. ಅಗ್ಗದ ಸೆಟ್‌ಗಳಲ್ಲಿ ಆ ಬ್ಯಾಂಡೇ ಇರುವುದಿಲ್ಲ. ಹುಡುಕಿ ಒಂದು ಹಳೆಯ ಸೆಟ್ ಹಾಕಿದೆ. ಎಂಜಿನ್ ಏರಿದಂತೆಲ್ಲ ಕುಂಯ್ ಎಂಬ ಸದ್ದೂ ಏರುತ್ತಿತ್ತು. ಅರ್ಥ್ ವೈರನ್ನು ಬೇರೆ ಜಾಗಕ್ಕೆ ಒಯ್ದು, ಆಂಟೆನಾ ವೈರನ್ನು ಆಲ್ಟರ್ನೇಟರಿನ ವೈರಿನಿಂದ ದೂರ ಮಾಡಿ, ಫಿಲ್ಟರ್ ಹಾಕಿ ಅದನ್ನು ಅಡಗಿಸಲು ಅರ್ಧ ದಿನ ಹಿಡಿಯಿತು. ಕನ್ನಡ ವಾರ್ತೆ ಸ್ಪಷ್ಟವಾಗಿ ಬಂದಾಗ ಅವರು ಬಕೆಟ್ ನೆಲಕ್ಕಿಳಿಸಿ ಎಂಜಿನ್ ಬಂದ್ ಮಾಡಿ ಸುಮ್ಮನೆ ಕುಳಿತು ಕೇಳಿದರು. ಒಬ್ಬನೇ ಕೂರುವವನಿಗೆ ತನ್ನ ಭಾಷೆಯ ಒಂದು ದನಿ ಎಷ್ಟು ಬೇಕಾಗುತ್ತದೆ ಎಂದು ನನಗೆ ಅಂದು ತಿಳಿಯಿತು. ರೇಡಿಯೋ ಅವನೊಂದಿಗೆ ಮಾತಾಡುತ್ತದೆ, ಆದರೆ ಉತ್ತರ ಕೇಳುವುದಿಲ್ಲ. ಕಣ್ಣು ಬಕೆಟ್ಟಿನ ಮೇಲೆಯೇ ಇರಬಹುದು.

ಮನೆಯ ಫೋನ್ ಹಾಗಲ್ಲ. ಸಾಲ, ಮದುವೆ, ಆಸ್ಪತ್ರೆ, ಮಗುವಿನ ಜ್ವರ, ಎಲ್ಲದಕ್ಕೂ ಅವನು ಯೋಚಿಸಿ ಉತ್ತರ ಕೊಡಬೇಕು. ಈಗ ಬ್ಲೂಟೂತ್ ಸೆಟ್ ಹಾಕಿ, ಸ್ಪೀಕರಿನಲ್ಲೇ ಮಾತಾಡುತ್ತೇವೆ ಎನ್ನುತ್ತಾರೆ. ಕಿವಿ ಬಿಡುವಾಗುತ್ತದೆ ನಿಜ, ಆದರೆ ಮನಸ್ಸು ಮನೆಯಲ್ಲಿರುತ್ತದೆ, ಕೈ ಮಾತ್ರ ಲಿವರ್ ಮೇಲಿರುತ್ತದೆ.

ಹಾಗಾಗಿ ಕೊನೆಯ ಮಾತು ಉಮ್ಮಂದಿರಿಗೆ, ಹೆಂಡತಿಯರಿಗೆ. ಮಗ ಮೆಷಿನ್ ಓಡಿಸುವವನಾದರೆ ಅವನ ಚಹಾದ ಹೊತ್ತು, ಊಟದ ಹೊತ್ತು ಕೇಳಿ ಇಟ್ಟುಕೊಳ್ಳಿ. ಆ ಹೊತ್ತಿಗೆ ಅವನೇ ಮಾಡಲಿ. ನಡುವೆ ಒಂದು ಸಲ ಮಾಡಿ ತೆಗೆಯದಿದ್ದರೆ, ಕೆಲಸದಲ್ಲಿದ್ದಾನೆ ಎಂದು ತಿಳಿದು ಬಿಟ್ಟುಬಿಡಿ. ಬಂಟ್ವಾಳದ ಆ ಹುಡುಗನ ಉಮ್ಮನಿಗೆ ನಾನೇ ಅಂದು ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ ಕೇಳಿದರು, "ಹೆಲ್ಪರ್ ಹುಡುಗನಿಗೂ ಮನೆಯಲ್ಲಿ ಉಮ್ಮ ಇದ್ದಾರಾ?" ಇದ್ದಾರೆ ಎಂದೆ. ಮುಂದಿನ ವಾರ ಹುಡುಗನ ಕ್ಯಾಬಿನ್ನಿಗೆ ಸೆಟ್ ಕೂರಿಸಲು ಹೋದಾಗ ಅವನು ಹೇಳಿದ, "ಈಗ ಉಮ್ಮ ಒಂದೂವರೆಗೆ ಮಾತ್ರ ಮಾಡುತ್ತಾರೆ ಕಾಕ."