ಚಿಟ್ಟೆಯೂ ನಾಲ್ಕು ಅಂಕಗಳೂ

ವರ್ಡ್ಸ್‌ವರ್ತ್ ಕವಿ ಚಿಟ್ಟೆಯನ್ನು ಕುರಿತು ಬರೆದ ಪುಟ್ಟ ಕವನವೊಂದನ್ನು ನಾವು ಈ ವರ್ಷ ಇಂಗ್ಲಿಷ್ ತರಗತಿಯಲ್ಲಿ ಓದಿದೆವು. ಕಿರುಪರೀಕ್ಷೆಯಲ್ಲಿ, ಈ ಕವನದ ಚಿಟ್ಟೆ ಏನನ್ನು ಸಂಕೇತಿಸುತ್ತದೆ ಎಂಬ ಪ್ರಶ್ನೆ ಬಂದಿತು. “ಚಿಟ್ಟೆ ಸ್ವಾತಂತ್ರ್ಯದ ಸಂಕೇತ” ಎಂದು ಆರಂಭಿಸಿ ಅರ್ಧ ಪುಟ ತುಂಬಿಸಿದೆ. ಐದಕ್ಕೆ ನಾಲ್ಕು ಅಂಕ ದೊರೆಯಿತು. ನನ್ನ ಬೆಂಚಿನ ಮಿತ್ರರೆಲ್ಲರೂ ಅದೇ ವಾಕ್ಯ ಬರೆದಿದ್ದರು. ನಾವೆಲ್ಲ ಓದಿದ್ದ ಗೈಡು ಒಂದೇ.

ಪರೀಕ್ಷೆ ಮುಗಿದ ಮೇಲೆ ಒಂದು ಸಂಜೆ ಕವನವನ್ನು ಮತ್ತೆ ಓದಿದೆ. ಓದಿ ನಾಚಿಕೆಯಾಯಿತು. ಕವಿ ಅಲ್ಲಿ ಚಿಟ್ಟೆಯ ಹಾರಾಟವನ್ನು ಕೊಂಡಾಡುವುದೇ ಇಲ್ಲ. ಹೋಗಬೇಡವೆಂದು, ಇನ್ನಷ್ಟು ಹೊತ್ತು ಹತ್ತಿರವೇ ಇರಬೇಕೆಂದು ಅದನ್ನು ಬೇಡಿಕೊಳ್ಳುತ್ತಾನೆ! ಇರು ಎಂದು ಬೇಡುವ ಕವನವನ್ನು ಹಾರಾಟದ ಕವನವೆಂದು ಬರೆದು ಅಂಕ ಪಡೆದವನು ನಾನು.

ಈ ಕವನ ಹುಟ್ಟಿದ ಬಗೆಯನ್ನು ಕವಿಯ ತಂಗಿ ಡೊರೊತಿ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ. 1802ರ ಮಾರ್ಚ್ 14, ಗ್ರಾಸ್ಮಿಯರ್ ಹಳ್ಳಿಯ ಮನೆ. ಬೆಳಗಿನ ಉಪಾಹಾರದ ಹೊತ್ತು. ಚಿಟ್ಟೆ ಕಂಡಾಗಲೆಲ್ಲ ತಮಗಾಗುತ್ತಿದ್ದ ಸಂತೋಷವನ್ನು ಅಣ್ಣತಂಗಿ ಮಾತನಾಡಿಕೊಂಡರು. ಮುಂದಿದ್ದ ಸಾರನ್ನೂ ಮುಟ್ಟದೆ ಅಣ್ಣ ಕವನ ಬರೆಯುತ್ತ ಕುಳಿತ. ತಾಯಿ 1778ರಲ್ಲಿ ತೀರಿಕೊಂಡಾಗ ಡೊರೊತಿಗೆ ಆರು ವರ್ಷ. ಅವಳನ್ನು ದೂರದ ನೆಂಟರ ಮನೆಗೆ ಕಳುಹಿಸಿದರು. ಸುಮಾರು ಒಂಬತ್ತು ವರ್ಷ ಅಣ್ಣತಂಗಿಯರು ಅಗಲಿದ್ದರು. ಇದನ್ನು ತಿಳಿದ ಮೇಲೆ ಆ ಬೇಡಿಕೆಯ ಅರ್ಥ ನನಗೆ ಹೊಳೆಯಿತು. ಕಳೆದುಹೋದ ಬಾಲ್ಯವನ್ನು ಆ ಚಿಟ್ಟೆ ಒಂದು ಗಳಿಗೆ ಮರಳಿ ತಂದಿದೆ. ಅದು ಹಾರಿದರೆ ಬಾಲ್ಯವೂ ಮತ್ತೆ ಹಾರಿಹೋಗುತ್ತದೆ.

ಅದೇ ದಿನಚರಿಯ ಪುಟದಲ್ಲಿ ಇನ್ನೊಂದು ಸಂಗತಿ ಇದೆ. ನಾನು ಚಿಟ್ಟೆಯ ಬೆನ್ನಟ್ಟುತ್ತಿದ್ದೆ, ಆದರೆ ರೆಕ್ಕೆಯ ಪುಡಿ ಉದುರೀತೆಂದು ಹೆದರುತ್ತಿದ್ದೆ ಎಂದು ತಂಗಿ ಹೇಳಿದಳಂತೆ. ಆ ಹೆದರಿಕೆ ಹುಸಿಯಲ್ಲ. ಅದು ಪುಡಿಯಲ್ಲ, ಸೂಕ್ಷ್ಮವಾದ ಹುರುಪೆಗಳು. ಒಮ್ಮೆ ಉದುರಿದರೆ ಮತ್ತೆ ಬೆಳೆಯವು. ಅಣ್ಣ ಹೇಳಿದ್ದು ಬೇರೆ. ಶಾಲೆಯ ದಿನಗಳಲ್ಲಿ ಹುಡುಗರೆಲ್ಲ ಸೇರಿ ಬಿಳಿಯ ಚಿಟ್ಟೆಗಳನ್ನು ಕೊಲ್ಲುತ್ತಿದ್ದರಂತೆ. ಏಕೆ? ಅವು ಫ್ರೆಂಚರಂತೆ!

ಇಲ್ಲಿ ನಾನು ಬಹಳ ಹೊತ್ತು ನಿಂತೆ. ಆ ಹುಡುಗರೂ ಚಿಟ್ಟೆಯನ್ನು ಸಂಕೇತವಾಗಿಯೇ ಕಂಡರಲ್ಲವೆ? ಬಿಳಿಯ ಚಿಟ್ಟೆ ಎಂದರೆ ಶತ್ರು ಎಂದು ಮೊದಲೇ ತೀರ್ಮಾನವಾಗಿತ್ತು. ಅದನ್ನು ನೋಡುವ ಅಗತ್ಯವೇ ಅವರಿಗೆ ಉಳಿಯಲಿಲ್ಲ. ನಾವು ಕೊಲ್ಲುವುದಿಲ್ಲ, ನಿಜ. ಆದರೆ ಚಿಟ್ಟೆ ಎಂದರೆ ಸ್ವಾತಂತ್ರ್ಯ, ಕಮಲ ಎಂದರೆ ಪಾವಿತ್ರ್ಯ, ದೀಪ ಎಂದರೆ ಜ್ಞಾನ ಎಂದು ಬಾಯಿಪಾಠ ಮಾಡಿಕೊಂಡು ಪುಸ್ತಕ ತೆರೆದಾಗ ನಾವೂ ಏನನ್ನೂ ನೋಡುವುದಿಲ್ಲ.

ನಮ್ಮ ಕಾಲೇಜಿನ ಹಿಂದಣ ಬಯಲಿನಲ್ಲಿ ಎಕ್ಕದ ಗಿಡಗಳಿವೆ. ಕಿತ್ತಳೆ ಬಣ್ಣದ, ಕಪ್ಪು ಅಂಚಿನ ಚಿಟ್ಟೆಗಳು ಅಲ್ಲಿ ಸುಳಿದಾಡುತ್ತವೆ. ಅವುಗಳ ಹಾರಾಟ ನಮಗೆ ಅಲೆದಾಟವಾಗಿ ಕಾಣುತ್ತದೆ. ಆದರೆ ತಾಯಿಚಿಟ್ಟೆ ಎಲ್ಲೆಂದರಲ್ಲಿ ಮೊಟ್ಟೆಯಿಡುವಂತಿಲ್ಲ. ಎಕ್ಕವನ್ನೋ ಅದರ ಬಳಗದ ಗಿಡವನ್ನೋ ಹುಡುಕಿ, ಕಾಲಿನಿಂದ ಎಲೆಯ ರುಚಿ ನೋಡಿ ಇಡಬೇಕು. ಆ ಎಲೆಗಳನ್ನು ತಿಂದೇ ಹುಳು ಬೆಳೆಯಬೇಕು. ಎಲೆಯ ಹಾಲಿನ ವಿಷವೇ ಮುಂದೆ ಹಕ್ಕಿಗಳಿಂದ ಅದಕ್ಕೆ ರಕ್ಷೆ. ಇಷ್ಟು ಕಟ್ಟುಪಾಡಿನಲ್ಲಿ ಬದುಕುವ ಜೀವಿಯನ್ನು ಯಾವ ಹಂಗೂ ಇಲ್ಲದ್ದೆಂದು ಹೊಗಳುವುದು ಅದನ್ನು ಅರಿಯದವರ ಮಾತು.

ಹಾಗಾದರೆ ಕಾವ್ಯದಲ್ಲಿ ಸಂಕೇತವೇ ಬೇಡವೆ ಎಂದು ಗುರುಗಳು ಕೇಳಬಹುದು. ಬೇಡವೆನ್ನುವ ಧಾರ್ಷ್ಟ್ಯ ನನಗಿಲ್ಲ. ಸ್ವಾತಂತ್ರ್ಯದ ಚಿಟ್ಟೆಯೂ ಒಂದಿದೆ. ಪ್ರಾಗ್ ನಗರದಲ್ಲಿ ಹುಟ್ಟಿದ ಪಾವೆಲ್ ಫ್ರೀಡ್‌ಮನ್ ಎಂಬ ಯೆಹೂದಿ ತರುಣನನ್ನು ನಾಜಿಗಳು 1942ರ ಏಪ್ರಿಲ್‌ನಲ್ಲಿ ಟೆರೆಜೀನ್ ಎಂಬ ಬಂದಿಕೇರಿಗೆ ಸಾಗಿಸಿದರು. ಆಗ ಅವನಿಗೆ ಇಪ್ಪತ್ತೊಂದು ವರ್ಷ. ನಮಗಿಂತ ಹೆಚ್ಚು ದೊಡ್ಡವನಲ್ಲ. ಜೂನ್ 4ರಂದು ಅವನು ಝೆಕ್ ಭಾಷೆಯಲ್ಲಿ ಚಿಟ್ಟೆಯನ್ನು ಕುರಿತು ಕವನ ಬರೆದ. ತಾನು ಕಂಡ ಕೊನೆಯ ಚಿಟ್ಟೆಯ ಹಳದಿ ಬಣ್ಣ, ತಾನು ಅಲ್ಲಿ ಕಳೆದ ವಾರಗಳ ಲೆಕ್ಕ, ಅಂಗಳದ ಗಿಡಮರಗಳ ಹೂವು, ಮತ್ತೆ ಚಿಟ್ಟೆ ಕಾಣಲಿಲ್ಲವೆಂಬ ಮಾತು: ಕವನದಲ್ಲಿರುವುದು ಇಷ್ಟೆ. ಸ್ವಾತಂತ್ರ್ಯವೆಂಬ ಪದವನ್ನು ಅವನು ಬಳಸಲಿಲ್ಲ. 1944ರ ಸೆಪ್ಟೆಂಬರ್ 29ರಂದು ಆಶ್‌ವಿಟ್ಸ್‌ನಲ್ಲಿ ಅವನು ಮಡಿದ. ಆ ಕವನ ಓದಿದವರಿಗೆ ಅರ್ಥವನ್ನು ಯಾವ ಗೈಡೂ ಹೇಳಿಕೊಡಬೇಕಾಗಿಲ್ಲ. ಅವನು ಹಳದಿಯನ್ನು ಹಳದಿಯಾಗಿ ಕಂಡದ್ದರಿಂದಲೇ ಅರ್ಥ ತಾನಾಗಿ ಬಂದಿತು.

ಒಬ್ಬನು ತನ್ನ ಮನೆಯಲ್ಲಿ ನೆಮ್ಮದಿಯಾಗಿದ್ದು ಚಿಟ್ಟೆಯನ್ನು ಇರು ಎಂದ; ಇನ್ನೊಬ್ಬನು ಸೆರೆಯಲ್ಲಿದ್ದು ಅದು ಇಲ್ಲವಾಯಿತೆಂದ. ಎರಡಕ್ಕೂ ಒಂದೇ ವಾಕ್ಯದ ಉತ್ತರ ಬರೆದರೆ ಇಬ್ಬರಿಗೂ ಅನ್ಯಾಯವಾಗುತ್ತದೆ.

ಆದುದರಿಂದ ಗುರುಗಳಲ್ಲಿ ನನ್ನದೊಂದು ವಿನಂತಿ. ಚಿಟ್ಟೆ ಏನನ್ನು ಸಂಕೇತಿಸುತ್ತದೆ ಎಂದು ಕೇಳುವ ಮೊದಲು, ಕವಿ ಚಿಟ್ಟೆಗೆ ಏನು ಹೇಳುತ್ತಾನೆ ಎಂದು ಕೇಳಿರಿ. ಈ ಪ್ರಶ್ನೆಗೆ ಗೈಡು ಓದಿ ಉತ್ತರಿಸುವುದು ಕಷ್ಟ, ಕವನವನ್ನೇ ಓದಬೇಕಾಗುತ್ತದೆ. ಸಹಪಾಠಿಗಳಲ್ಲಿಯೂ ಒಂದು ಮಾತು. ಓದುಗನಿಗೆ ತನಗೆ ತೋಚಿದ ಅರ್ಥ ಮಾಡುವ ಹಕ್ಕಿದೆ ಎಂದು ನೀವು ನನ್ನೊಡನೆ ವಾದಿಸಿದ್ದೀರಿ. ಒಪ್ಪುತ್ತೇನೆ. ಆದರೆ ನಾವು ಬರೆದದ್ದು ನಮಗೆ ತೋಚಿದ್ದಲ್ಲ, ಗೈಡು ಬರೆದವರಿಗೆ ತೋಚಿದ್ದು. ಸ್ವಾತಂತ್ರ್ಯವನ್ನು ಕುರಿತ ಉತ್ತರವನ್ನೇ ನಾವು ಎರವಲು ತಂದು ಬರೆದೆವು.

ನನ್ನ ನಾಲ್ಕು ಅಂಕಗಳನ್ನು ಹಿಂದಕ್ಕೆ ಕೊಡಲು ಬರುವುದಿಲ್ಲ. ಮುಂದಿನ ಸಲ ಎರಡೇ ಬಂದರೂ ಚಿಂತೆಯಿಲ್ಲ, ಅವು ನನ್ನವಾಗಿರಲಿ.