ಹಗಲು ಸರಪಳಿ, ಇರುಳು ಬೀದಿ

ಬೀದಿನಾಯಿಗಳ ಕಾಟವನ್ನು ಕುರಿತು ಪತ್ರಿಕೆಗಳಿಗೆ ಬರುವ ವಾಚಕರ ಪತ್ರಗಳಿಗೆ ಕೊನೆಯೇ ಇಲ್ಲ. ಪುರಸಭೆ ಮಲಗಿದೆ, ಪಂಚಾಯಿತಿ ಕಣ್ಣು ಮುಚ್ಚಿದೆ, ಸರ್ಕಾರಕ್ಕೆ ಕಿವಿಯಿಲ್ಲ ಎಂದು ಬರೆಯುವ ಮಹನೀಯರಲ್ಲಿ ಎಷ್ಟೋ ಮಂದಿಯ ಗೇಟಿನ ಮೇಲೆ ‘ನಾಯಿಯಿದೆ, ಎಚ್ಚರಿಕೆ’ ಎಂಬ ಫಲಕ ತೂಗುತ್ತಿರುತ್ತದೆ. ಆ ಫಲಕಕ್ಕೂ ಈ ಪತ್ರಕ್ಕೂ ಇರುವ ನಂಟನ್ನು ಅವರು ಯೋಚಿಸಿದಂತೆ ತೋರುವುದಿಲ್ಲ. ಬೀದಿಯಲ್ಲಿ ಅಲೆಯುವ ನಾಯಿಗಳನ್ನು ಹಿಡಿದು ಅವುಗಳ ವಂಶಾವಳಿ ಬರೆಯಲು ಸಾಧ್ಯವಿದ್ದರೆ, ಅನೇಕ ನಾಯಿಗಳ ತಾಯಿಯೋ ಅಜ್ಜಿಯೋ ಒಂದು ಕಾಲಕ್ಕೆ ಯಾರದೋ ಮನೆಯ ಅನ್ನ ತಿಂದದ್ದು ಗೊತ್ತಾಗುತ್ತಿತ್ತು.

ಈ ಮಾತು ಎಲ್ಲ ಊರಿಗೂ ಸಲ್ಲುತ್ತದೆ. ಆದರೆ ಕೊಡಗಿನ ಹಾರಂಗಿಯಂಥ ಕಡೆ ಅದರ ಫಲ ಬೇಗ ಕಣ್ಣಿಗೆ ಬೀಳುತ್ತದೆ. ಕುಶಾಲನಗರದಿಂದ ಸುಮಾರು 9 ಕಿಲೋಮೀಟರು ಹೋದರೆ, ಹುದುಗೂರಿನ ಬಳಿ, 1982ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು. ಹಿನ್ನೀರಿನ ಮಗ್ಗುಲಲ್ಲೇ ಕಾಡು. ಕಾಡಿಗೆ ತಾಗಿದಂತೆ ತೋಟ, ಗದ್ದೆ, ಮನೆಗಳು, ಈಚೆಗೆ ಹೋಂಸ್ಟೇಗಳು. ಬೇಲಿಯ ಈಚೆಗೆ ಅಂಗಳವಾದರೆ ಆಚೆಗೆ ಆನೆ ನಡೆಯುವ ದಾರಿ. ಇಂಥ ಸೀಮೆಯಲ್ಲಿ ನಾಯಿ ಸಾಕುವ ರೂಢಿ ಏನೆಂಬುದು ಎಲ್ಲರಿಗೂ ತಿಳಿದದ್ದೇ. ಹಗಲೆಲ್ಲ ಗೂಡಿನಲ್ಲೋ ಸರಪಳಿಯಲ್ಲೋ ಇಡುವುದು. ಇರುಳು ತಮ್ಮ ಊಟವಾದ ಮೇಲೆ ಉಳಿದದ್ದನ್ನು ಸುರಿದು ಬಿಟ್ಟುಬಿಡುವುದು. ಬೆಳಿಗ್ಗೆ ಮರಳಿ ಬಂದರೆ ಕಟ್ಟುವುದು. ಬಾರದಿದ್ದರೆ ಚಿರತೆ ಒಯ್ದಿತೆಂದು ಹೇಳಿ ಇನ್ನೊಂದು ಮರಿ ತರುವುದು.

ಇದಕ್ಕೆ ನಾಯಿ ಸಾಕುವುದೆಂದು ಹೆಸರು! ನಾಲ್ಕು ಕಾಲಿನ ಬೀಗವೊಂದನ್ನು ಗೇಟಿಗೆ ತಗುಲಿಸಿಕೊಂಡಿದ್ದೇವೆ ಎಂದರೆ ಹೆಚ್ಚು ಒಪ್ಪುತ್ತದೆ.

ಇರುಳು ಬಿಟ್ಟ ನಾಯಿ ಯಜಮಾನನ ಅಂಗಳವನ್ನೇ ಕಾಯುತ್ತ ಕೂರುವುದೆಂಬುದು ಬರಿಯ ಭ್ರಮೆ. ಹಗಲೆಲ್ಲ ಕಟ್ಟಿಸಿಕೊಂಡು ಬೇಸತ್ತ ಪ್ರಾಣಿ ಅದು. ಬೇಲಿ ನುಸಿಯುತ್ತದೆ, ಮೊಲ ಜಿಂಕೆಗಳನ್ನು ಅಟ್ಟುತ್ತದೆ, ಅಲೆಮಾರಿ ನಾಯಿಗಳೊಡನೆ ಕೂಡುತ್ತದೆ, ಕಚ್ಚುತ್ತದೆ, ಕಚ್ಚಿಸಿಕೊಳ್ಳುತ್ತದೆ. ಊರ ನಾಯಿಯ ಡಿಸ್ಟೆಂಪರ್ ರೋಗ ಕಾಡಿನ ಸೀಳುನಾಯಿಗೂ ಹತ್ತಬಲ್ಲುದು. ಆನೆಯನ್ನು ಕೆಣಕಿದ ನಾಯಿ ಹೆದರಿ ಯಜಮಾನನ ಕಡೆಗೇ ಓಡಿಬರುತ್ತದೆ, ಬೆನ್ನ ಹಿಂದೆ ಆನೆಯನ್ನೂ ಕರೆತರುತ್ತದೆ ಎಂಬುದು ಕಾಡಂಚಿನವರೆಲ್ಲ ಬಲ್ಲ ಮಾತು. ಸುಲಭವಾಗಿ ಸಿಕ್ಕುವ ನಾಯಿಯ ರುಚಿ ಕಂಡ ಚಿರತೆ ಅಂಗಳಕ್ಕೆ ಬರುವುದನ್ನು ಕಲಿಯುತ್ತದೆ. ಆಗ ನಾವು ಅರಣ್ಯ ಇಲಾಖೆಗೆ ದೂರು ಕೊಟ್ಟು, ಬೋನು ಇಡಿ ಎಂದು ಕೂಗುತ್ತೇವೆ. ಚಿರತೆಗೆ ಎಲೆ ಹಾಕಿ ಕರೆದವರು ಯಾರು?

ಹೆಣ್ಣುನಾಯಿಯ ಗರ್ಭದ ಅವಧಿ ಸುಮಾರು 63 ದಿನ. ವರುಷಕ್ಕೆ ಎರಡು ಸಲ ಈಯಬಲ್ಲುದು; ಒಂದೊಂದು ಸಲಕ್ಕೆ ನಾಲ್ಕೈದು ಮರಿ ಸಾಧಾರಣ. ಗಂಡುಮರಿಗಳನ್ನು ನೆಂಟರು ಒಯ್ಯುತ್ತಾರೆ. ಹೆಣ್ಣುಮರಿಗಳು ಚೀಲ ಸೇರಿ, ಸಂತೆಯ ಬಳಿಯಲ್ಲೋ ಊರಾಚೆಯ ಮೋರಿಯ ಬದಿಯಲ್ಲೋ ಕಣ್ಣು ಬಿಡುತ್ತವೆ. ಶಸ್ತ್ರಚಿಕಿತ್ಸೆ ಮಾಡಿಸಿ ಎಂದರೆ ‘ಪಾಪ, ಪ್ರಕೃತಿಗೆ ವಿರುದ್ಧ’ ಎನ್ನುವವರಿಗೆ ಈ ಚೀಲದಲ್ಲಿ ಯಾವ ಪಾಪವೂ ಕಾಣುವುದಿಲ್ಲ.

ನಗರದಿಂದ ಬಂದು ಇಲ್ಲಿ ಮನೆ ಮಾಡಿದವರು ಇದಕ್ಕಿಂತ ಮೇಲೆಂದು ತಿಳಿಯಬೇಕಾಗಿಲ್ಲ. ಮಗುವಿನ ಹುಟ್ಟುಹಬ್ಬಕ್ಕೆ ಹಿಮದೇಶದ ದಟ್ಟಕೂದಲಿನ ಮರಿಯನ್ನು ಸಾವಿರಾರು ರೂಪಾಯಿ ತೆತ್ತು ತರುತ್ತಾರೆ. ಮಗುವಿಗೆ ಪರೀಕ್ಷೆ ಬಂದಾಗ ಮರಿ ಮಹಡಿಯಿಂದ ಗ್ಯಾರೇಜಿಗೆ ಇಳಿಯುತ್ತದೆ. ಯಜಮಾನರಿಗೆ ವರ್ಗವಾದಾಗ ಗ್ಯಾರೇಜಿನಿಂದ ರಸ್ತೆಗೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಉಟ್ಟ ಬಟ್ಟೆಯಲ್ಲಿ ಓಡಬೇಕಾದವರು ಸಾಕುಪ್ರಾಣಿಗಳನ್ನು ಬಿಟ್ಟು ಹೋದರೆ ಅದನ್ನು ತಪ್ಪೆನ್ನುವವರು ಯಾರೂ ಇಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗಿ ಬೇರೆ ಊರಲ್ಲಿ ಇಳಿಸಿ ಬರುವವರಿಗೆ ಯಾವ ಗುಡ್ಡ ಕುಸಿದಿತ್ತು?

ಕಾನೂನಿಲ್ಲವೆಂದು ಯಾರೂ ಹೇಳಬೇಡಿ. ರಾಜ್ಯಸಭೆಯಲ್ಲಿ ರುಕ್ಮಿಣಿದೇವಿ ಅರುಂಡೇಲರು ಎತ್ತಿದ ದನಿಯ ಫಲವಾಗಿ 1960ರಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ ಕಾಯಿದೆ ಬಂತು. ನಾಯಿಯನ್ನು ಸದಾ ಕಟ್ಟಿಹಾಕಿ ಅಡ್ಡಾಡಿಸದೆ ಇರುವುದೂ, ಕಾರಣವಿಲ್ಲದೆ ಕೈಬಿಡುವುದೂ ಅದರ 11ನೆಯ ಪ್ರಕರಣದಲ್ಲಿ ಕ್ರೌರ್ಯವೆಂದೇ ಎಣಿಕೆಯಾಗಿವೆ. ಮೊದಲ ತಪ್ಪಿಗೆ ಆ ಕಾಯಿದೆ ಗೊತ್ತುಮಾಡಿದ ದಂಡ 10ರಿಂದ 50 ರೂಪಾಯಿ; ಇಂದು ಒಂದು ಹೊತ್ತಿನ ಕಾಫಿ ತಿಂಡಿಯ ಬೆಲೆ. 2023ರ ನಿಯಮಗಳು ಸಾಕುನಾಯಿಯ ಲಸಿಕೆ, ಸಂತಾನಹರಣ ಚಿಕಿತ್ಸೆಗಳ ಹೊಣೆಯನ್ನು ಸಾಕಿದವರ ಮೇಲೆಯೇ ಹೊರಿಸಿವೆ. 2025ರಲ್ಲಿ ಸುಪ್ರೀಂ ಕೋರ್ಟು ಬೀದಿನಾಯಿಗಳ ವಿಚಾರದಲ್ಲಿ ಒಂದಾದ ಮೇಲೊಂದು ಆಜ್ಞೆ ಹೊರಡಿಸಿದಾಗ ದೇಶವೆಲ್ಲ ಎರಡು ಪಕ್ಷವಾಗಿ ಜಗಳಾಡಿತು. ಆ ಗದ್ದಲದಲ್ಲಿ ಮನೆನಾಯಿಯ ಯಜಮಾನ ಮೆಲ್ಲನೆ ತಪ್ಪಿಸಿಕೊಂಡ. ನ್ಯಾಯಾಲಯ ಬೀದಿಯನ್ನು ಗುಡಿಸೆಂದು ಹೇಳಬಹುದು. ಮನೆಗಳಿಂದ ಬೀದಿಗೆ ಸುರಿಯುವುದು ನಿಲ್ಲದಿದ್ದರೆ ಗುಡಿಸಿ ಮುಗಿಯುವುದು ಎಂದಿಗೆ?

ಇದು ಬರಿಯ ಕರುಣೆಯ ಮಾತೂ ಆಗಿ ಉಳಿದಿಲ್ಲ. ಹುಚ್ಚುನಾಯಿ ರೋಗದಿಂದ ಜಗತ್ತಿನಲ್ಲಿ ವರುಷಕ್ಕೆ ಸುಮಾರು 59,000 ಮಂದಿ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ ಮೂರನೆಯ ಒಂದು ಪಾಲಿಗೂ ಮಿಕ್ಕು ನಮ್ಮ ದೇಶದ್ದು. ಲಕ್ಷಣ ಕಾಣಿಸಿಕೊಂಡ ಮೇಲೆ ವೈದ್ಯರ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಪಾಶ್ಚರ್ 1885ರಲ್ಲಿಯೇ ನಾಯಿ ಕಚ್ಚಿದ ಹುಡುಗನಿಗೆ ಲಸಿಕೆ ಕೊಟ್ಟು ತೋರಿಸಿದ; ನೆರೆಯ ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿಯೇ ಅವನ ಹೆಸರಿನ ಸಂಸ್ಥೆ ತೆರೆಯಿತು. ಇಷ್ಟಾದರೂ ವರುಷಕ್ಕೊಂದು ಸೂಜಿ ಚುಚ್ಚಿಸಲು ನಮಗೆ ಪುರುಸೊತ್ತಿಲ್ಲ. ತೋಟದ ಯಜಮಾನರ ನಾಯಿ ಇರುಳು ಸುತ್ತಿ ಬಂದರೆ ಅದರ ಹಲ್ಲಿಗೆ ಸಿಕ್ಕುವವರು ಯಾರು? ಮುಂಜಾನೆ ಕೆಲಸಕ್ಕೆ ಬರುವ ಲೈನುಮನೆಯ ಹೆಂಗಸು, ಬಸ್ಸಿಗೆ ನಡೆಯುವ ಶಾಲೆಯ ಮಗು. ಕಾರಿನಲ್ಲಿ ಓಡಾಡುವವರಿಗೆ ನಾಯಿ ಕಚ್ಚುವುದು ಅಪರೂಪ.

ಕಟ್ಟಿದ ನಾಯಿಯೇ ಒಳ್ಳೆಯ ಕಾವಲುಗಾರ ಎಂಬ ವಾದವೊಂದಿದೆ. ಕಟ್ಟಿದ ನಾಯಿ ಸಿಡುಕಾಗುತ್ತದೆ, ನಿಜ. ಸಿಡುಕಿಗೆ ಕಳ್ಳನೂ ಒಂದೇ, ಅಂಚೆಯವನೂ ಒಂದೇ. ಮನೆಯ ಒಳಗೆ ಮಲಗುವ ನಾಯಿ ಬಾಗಿಲ ಸಪ್ಪಳಕ್ಕೆ ಎದ್ದು ಬೊಗಳಿದರೆ ಸಾಲದೆ? ಕೊಡಗಿನಲ್ಲಿ ಒಂದು ಕಾಲಕ್ಕೆ ನಾಯಿಗೆ ಬೇಟೆಯೆಂಬ ಗೌರವದ ಕೆಲಸವಿತ್ತು, ಯಜಮಾನನ ಮಗ್ಗುಲಲ್ಲಿ ನಡೆಯುವ ಭಾಗ್ಯವಿತ್ತು. 1972ರ ವನ್ಯಜೀವಿ ಕಾಯಿದೆಯಿಂದ ಬೇಟೆಗೆ ತಡೆ ಬಿತ್ತು. ಅದು ಒಳ್ಳೆಯದೇ ಆಯಿತು. ಆದರೆ ಕೆಲಸ ಹೋದ ಜೊತೆಗಾರನನ್ನು ಸರಪಳಿಗೆ ಹಾಕುವುದು ಯಾವ ಕುಲದ ನಡತೆ?

ನಮ್ಮ ಹಿರಿಯರು ಹೀಗಿರಲಿಲ್ಲವೆಂಬುದಕ್ಕೆ ಕಲ್ಲೇ ಸಾಕ್ಷಿ. ಕ್ರಿ.ಶ. 949-50ರ ಸುಮಾರಿಗೆ, ಕಾಳಿ ಎಂಬ ನಾಯಿ ಹಂದಿಯೊಡನೆ ಕಾದಾಡಿ ಸತ್ತಿತು. ಗಂಗರ ಬೂತುಗನಿಂದ ಮೆಚ್ಚುಗೆಯಾಗಿ ಅದನ್ನು ಬೇಡಿ ಪಡೆದಿದ್ದ ಮಣಲೆರ ಅದರ ನೆನಪಿಗೆ ಮಂಡ್ಯ ಸೀಮೆಯ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ಪಾಪವೆಂದು ಶಾಸನವೇ ಹೇಳುತ್ತದೆ. ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಆ ಕಲ್ಲನ್ನು ಕಂಡು ಹೆಮ್ಮೆಪಡುವ ನಾವು, ಬದುಕಿರುವ ನಾಯಿಗೆ ನಮ್ಮ ಎಂಜಲಾದ ಮೇಲೆ ಅನ್ನ ಹಾಕುತ್ತೇವೆ.

ಮಾಡಬೇಕಾದದ್ದು ಬಹಳವಿಲ್ಲ. ಮನೆಯೊಳಗೆ ಮಲಗಲು ಜಾಗ, ವರುಷಕ್ಕೊಮ್ಮೆ ಲಸಿಕೆ, ಒಂದು ಶಸ್ತ್ರಚಿಕಿತ್ಸೆ, ದಿನಕ್ಕೆರಡು ಸಲ ಹಗ್ಗ ಹಿಡಿದು ತಿರುಗಾಟ, ಸಾಯುವತನಕ ಅನ್ನ. ಇಷ್ಟು ಆಗದವರು ಒಳ್ಳೆಯ ಕಬ್ಬಿಣದ ಬೀಗವೊಂದನ್ನು ಕೊಳ್ಳಲಿ. ಹಾರಂಗಿಯ ಅಣೆಕಟ್ಟಿನ ಬಾಗಿಲೆತ್ತುವ ಮೊದಲು ಕೆಳಗಿನ ಊರುಗಳಿಗೆ ಎಚ್ಚರಿಕೆ ಕೊಡುತ್ತಾರೆ. ಹರಿದುಬಂದ ನೀರಿಗೆ ಯಾರು ಹೊಣೆಯೆಂದು ಜನ ಕೇಳುತ್ತಾರೆ, ಕೇಳುವುದು ನ್ಯಾಯವೂ ಹೌದು. ಇರುಳು ಗೇಟು ತೆರೆದು ನಾಯಿ ಬಿಡುವವರನ್ನೂ ಹಾಗೆಯೇ ಕೇಳುವ ದಿನ ಬರಬೇಕು.