ಕಾರ್ಡ್ ಇದೆ ಎಂಬ ಧೈರ್ಯದಲ್ಲಿ ಕಡಲಿಗೆ ಇಳಿಯಬೇಡಿ

ಮಳೆಗಾಲ ಮುಗಿದು ಕಡಲು ತಿಳಿಯಾಗುತ್ತಿದ್ದಂತೆ ಮುರುಡೇಶ್ವರದಿಂದ ನೇತ್ರಾಣಿಯ ಕಡೆಗೆ ಸ್ಕೂಬಾ ದೋಣಿಗಳು ಮತ್ತೆ ಹೊರಡುತ್ತವೆ. ಡಿಸೆಂಬರ್ ರಜೆಯಲ್ಲಿ ಬೆಂಗಳೂರಿನಿಂದ ಅಂಡಮಾನಿಗೆ ಹೊರಡುವವರೂ ಕಡಿಮೆಯಿಲ್ಲ. ಇವರಲ್ಲಿ ಮೊದಲ ಸಲ ನೀರಿಗಿಳಿಯುವವರ ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಇದ್ದೇ ಇರುತ್ತಾರೆ. ನನ್ನ ಆತಂಕ ಇನ್ನೊಂದು ಗುಂಪಿನವರ ಬಗ್ಗೆ. ಎಷ್ಟೋ ವರ್ಷಗಳ ಹಿಂದೆ ಓಪನ್ ವಾಟರ್ ಎಂಬ ಡೈವಿಂಗ್ ಕೋರ್ಸ್ ಮುಗಿಸಿ ಅದರ ಕಾರ್ಡ್ ಪಡೆದು, ಆಮೇಲೆ ಮದುವೆ, ಮಗು, ಕೋವಿಡ್, ಕೆಲಸ ಎಂದು ಸಮುದ್ರದ ಕಡೆ ತಲೆಹಾಕದವರು ಇವರು. ಈಗ ಕಾರ್ಡ್ ಇದೆಯಲ್ಲ ಎಂದು ನೇರವಾಗಿ 18 ಮೀಟರ್ ಆಳಕ್ಕೆ ಹೊರಡುತ್ತಾರೆ.

ಆ ಕಾರ್ಡ್‌ಗೆ ಅವಧಿ ಮುಗಿಯುವ ದಿನಾಂಕವಿಲ್ಲ, ನಿಜ. ಆದರೆ ಅದು ಹೇಳುವುದು ಇಷ್ಟೇ: ಅಂದು ನೀವು ಇದನ್ನು ಮಾಡಿ ತೋರಿಸಿದ್ದಿರಿ. ಇಂದು ಮಾಡಬಲ್ಲಿರಿ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಕಲಿತ ಸೈಕಲ್ ಮರೆಯುವುದಿಲ್ಲ ಎನ್ನುತ್ತಾರೆ. ಮರೆತರೂ ಮಂಡಿ ತರಚಿ ಮುಗಿದೀತು. ನೀರಿನಡಿಯಲ್ಲಿ ಹಾಗಲ್ಲ.

ಅನಾಹುತ ಶುರುವಾಗುವುದು ಬಹಳ ಸಣ್ಣದರಿಂದ. ಮಾಸ್ಕ್‌ನೊಳಗೆ ಒಂದಿಷ್ಟು ನೀರು ನುಗ್ಗುತ್ತದೆ. ಅಭ್ಯಾಸವಿದ್ದವರು ಮಾಸ್ಕ್‌ನ ಮೇಲಂಚನ್ನು ಒತ್ತಿ ಹಿಡಿದು, ಮೂಗಿನಿಂದ ಉಸಿರು ಬಿಟ್ಟು ಆ ನೀರನ್ನು ಹೊರಹಾಕುತ್ತಾರೆ. ಅಭ್ಯಾಸ ತಪ್ಪಿದವರು ಮೂಗಿನಿಂದಲೇ ಉಸಿರೆಳೆದು ಕೆಮ್ಮುತ್ತಾರೆ, ಗಾಬರಿಯಾಗುತ್ತಾರೆ, ಉಸಿರು ಬಿಗಿಹಿಡಿದು ಮೇಲಕ್ಕೆ ನುಗ್ಗುತ್ತಾರೆ. ಇದೇ ಪ್ರಾಣಕ್ಕೆ ಎರವಾಗುವುದು. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟಿರುತ್ತದೆ. ಅಲ್ಲಿ ಶ್ವಾಸಕೋಶ ತುಂಬಿಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗಬೇಕು. ಹೊರಹೋಗಲು ದಾರಿಯಿಲ್ಲದಿದ್ದರೆ ಅದು ಶ್ವಾಸಕೋಶವನ್ನೇ ಹರಿದು, ಗುಳ್ಳೆಯಾಗಿ ರಕ್ತದಲ್ಲಿ ಸೇರಿ ಮಿದುಳನ್ನು ಮುಟ್ಟಬಹುದು. ಇದಕ್ಕೆ ಭಾರಿ ಆಳವೇನೂ ಬೇಕಿಲ್ಲ; ಉಸಿರು ಬಿಗಿಹಿಡಿದು ಮೇಲೇರುವ ಕೊನೆಯ ಕೆಲವು ಮೀಟರ್‌ಗಳೇ ಹೆಚ್ಚು ಅಪಾಯದವು. ‘ಉಸಿರು ಕಟ್ಟಬೇಡಿ’ ಎಂಬ ಪಾಠ ಎಲ್ಲರಿಗೂ ನೆನಪಿರುತ್ತದೆ. ಆದರೆ ಗಾಬರಿಯಲ್ಲಿ ನೆರವಿಗೆ ಬರುವುದು ನೆನಪಲ್ಲ, ಮೈಗೆ ಹತ್ತಿದ ರೂಢಿ.

ಸದ್ದಿಲ್ಲದೆ ತಪ್ಪುವ ಸಂಗತಿಗಳು ಇನ್ನೂ ಇವೆ. ಅಂದು ಕಟ್ಟಿದಷ್ಟೇ ತೂಕವನ್ನು ಇಂದೂ ಸೊಂಟಕ್ಕೆ ಕಟ್ಟಿದರೆ ಸರಿಹೋಗದು, ಮೈ ಬದಲಾಗಿರುತ್ತದೆ. ತೇಲುವಿಕೆ ಹಿಡಿತಕ್ಕೆ ಸಿಗದೆ ಕೈಕಾಲು ಬಡಿದಷ್ಟೂ ಸಿಲಿಂಡರ್ ಬೇಗ ಬರಿದಾಗುತ್ತದೆ. ಗೇಜ್‌ ಕಡೆ ಪದೇಪದೇ ಕಣ್ಣು ಹಾಯಿಸುವ ಅಭ್ಯಾಸವೂ ಬಿಟ್ಟುಹೋಗಿರುತ್ತದೆ. 200 ಬಾರ್‌ ತುಂಬಿದ್ದ ಗಾಳಿ 50ಕ್ಕೆ ಇಳಿದದ್ದು ಗೊತ್ತಾಗುವಾಗ ತಡವಾಗಿರುತ್ತದೆ. ಹಲವು ಸಲ ಡೈವ್ ಮಾಡಿದವರು ವಿಮಾನ ಹತ್ತಲು ಕನಿಷ್ಠ 18 ಗಂಟೆ ಕಾಯಬೇಕೆಂಬುದನ್ನೂ ಮರೆತು ಮರುದಿನ ಬೆಳಗಿನ ಟಿಕೆಟ್ ತೆಗೆದಿರುತ್ತಾರೆ.

ಆರೋಗ್ಯದ ಮಾತನ್ನು ಒತ್ತಿ ಹೇಳಬೇಕು. ಡೈವಿಂಗ್ ಸಾವುಗಳಲ್ಲಿ ಹೃದಯದ ತೊಂದರೆಯ ಪಾಲು ದೊಡ್ಡದು. ಮೂವತ್ತರಲ್ಲಿ ಕೋರ್ಸ್ ಮಾಡಿದವರಿಗೆ ನಲವತ್ತೈದಾಗುವಷ್ಟರಲ್ಲಿ ಬಿಪಿ ಬಂದಿರಬಹುದು, ಮಾತ್ರೆ ಶುರುವಾಗಿರಬಹುದು. ದಯವಿಟ್ಟು ಡೈವ್ ಸೆಂಟರ್ ಕೊಡುವ ಆರೋಗ್ಯದ ಫಾರಂನಲ್ಲಿ ಎಲ್ಲದಕ್ಕೂ ‘ಇಲ್ಲ’ ಎಂದು ಗೀಚಿ ಕೊಡಬೇಡಿ. ಮೊದಲು ನಿಮ್ಮ ಡಾಕ್ಟರನ್ನು ಕಾಣಿ.

ತಪ್ಪಿದ ರೂಢಿಯನ್ನು ಮತ್ತೆ ಹತ್ತಿಸಿಕೊಳ್ಳಲು ಇರುವ ದಾರಿ ರಿಫ್ರೆಶರ್. ಅದು ಮತ್ತೆ ಇಡೀ ಕೋರ್ಸ್ ಅಲ್ಲ, ಸಾಮಾನ್ಯವಾಗಿ ಅರ್ಧ ದಿನದ ಕೆಲಸ. ಈಜುಕೊಳದಲ್ಲೋ ಎದೆಮಟ್ಟದ ನೀರಿನಲ್ಲೋ ಮಾಸ್ಕ್‌ನೊಳಗಿನ ನೀರು ತೆಗೆಯುವುದು, ಬಾಯಿಂದ ಜಾರಿದ ರೆಗ್ಯುಲೇಟರನ್ನು ಹುಡುಕಿ ಹಿಡಿಯುವುದು, ಜೊತೆಗಾರರ ಗಾಳಿ ಹಂಚಿಕೊಳ್ಳುವುದು, ನಿಧಾನವಾಗಿ ಮೇಲೇರುವುದು, ಇವನ್ನೆಲ್ಲ ಮತ್ತೊಮ್ಮೆ ಕೈಯಾರೆ ಮಾಡಿಸುತ್ತಾರೆ. ನೀರಿಗಿಳಿದು ಒಂದು ವರ್ಷ ದಾಟಿದ್ದರೆ ಇದನ್ನು ಖಂಡಿತ ಮಾಡಿ. ಆರು ತಿಂಗಳಾಗಿದ್ದರೂ ಒಳ್ಳೆಯದೇ.

ಡೈವ್ ಸೆಂಟರ್ ನಡೆಸುವವರಲ್ಲೂ ಒಂದು ಕೋರಿಕೆ: ಕಾರ್ಡ್ ಮಾತ್ರ ನೋಡಿ ದೋಣಿ ಹತ್ತಿಸಬೇಡಿ, ಹಿಂದಿನ ಡೈವ್‌ಗಳ ವಿವರವಿರುವ ಲಾಗ್‌ಬುಕ್ ಕೇಳಿ. ಗಿರಾಕಿ ಮುನಿಸಿಕೊಂಡರೂ ಪರವಾಗಿಲ್ಲ. ಜೊತೆಗೆ ಹೋಗುವ ಗೆಳೆಯರೇ, ‘ಏನೂ ಆಗಲ್ಲ ಬಾರೋ’ ಎಂದು ಎಳೆದುಕೊಂಡು ಹೋಗಬೇಡಿ. ಹಿಂಜರಿದವನ ಪಕ್ಕ ನಿಂತುಕೊಳ್ಳಿ.

ಟಿಕೆಟ್ ಬುಕ್ ಮಾಡುವ ಮೊದಲೇ ಸೆಂಟರ್‌ಗೆ ಫೋನ್ ಮಾಡಿ, ‘ನಾನು ಡೈವ್ ಮಾಡಿ ಇಷ್ಟು ವರ್ಷವಾಯಿತು, ನನಗೆ ಮೊದಲು ರಿಫ್ರೆಶರ್ ಬೇಕು’ ಎಂದು ಹೇಳಿ. ಅದೆಲ್ಲ ಬೇಡ, ಸುಮ್ಮನೆ ಬನ್ನಿ ಎಂದು ಅವರು ಹೇಳಿದರೆ, ಬೇರೆ ಸೆಂಟರ್ ನೋಡಿಕೊಳ್ಳಿ.